ಮಗಳನ್ನು ಈಗಲೇ ಬೆಂಗಳೂರಿಗೆ ಕಳಿಸಬೇಕಾ?

ಪ್ರಶ್ನೆ: ಸರ್, ನಮ್ಮದು ತೀರ್ಥಹಳ್ಳಿ ಹತ್ತಿರ ಅಡಿಕೆ ತೋಟ. ಮಗಳಿಗೆ 13 ವರ್ಷ. ಅವಳ ಓದಿಗೆಂದು ಶಿವಮೊಗ್ಗದಲ್ಲಿ ಮನೆ ಮಾಡಿದ್ದೇವೆ. ಕೆಲವು ವರ್ಷಗಳಿಂದ ಟೆನಿಸ್ ಆಡುತ್ತಿದ್ದಾಳೆ. ಇಲ್ಲಿ ಅವಳ ವಯಸ್ಸಿನ ಯಾರೂ ಅವಳನ್ನು ಸೋಲಿಸಲ್ಲ. ಬೆಂಗಳೂರಿನ ಟೂರ್ನಿಗೆ ಹೋದರೆ ಮಾತ್ರ ಒಂದೆರಡು ಸುತ್ತು ದಾಟುವುದೇ ಕಷ್ಟ. ಕೊಯಮತ್ತೂರಿನ ಮಾಯಾ ರಾಜೇಶ್ವರನ್ 15ಕ್ಕೇ ದೊಡ್ಡವರ ಟೂರ್ನಿಯಲ್ಲಿ ಸೆಮಿಫೈನಲ್ ಆಡಿದಳು ಅಂತ ಓದಿದ ಮೇಲೆ ಮನೆಯಲ್ಲಿ ಇದೇ ಮಾತು. ನಾವು ಆಗಲೇ ತಡ ಮಾಡಿಬಿಟ್ಟೆವಾ? ಶಾಲೆ ಬಿಡಿಸಿ ಬೆಂಗಳೂರಿನ ಅಕಾಡೆಮಿಗೆ ಹಾಕಬೇಕಾ? ತೋಟದ ಮೇಲೆ ಸಾಲ ಮಾಡಲೂ ತಯಾರಿದ್ದೇನೆ. ನನಗೆ ಟೆನಿಸ್ ಗೊತ್ತಿಲ್ಲ. ವೃತ್ತಿಪರ ಆಟಗಾರ್ತಿ ಆಗುವ ದಾರಿ ಹೇಗಿರುತ್ತದೆ, ಬಿಡಿಸಿ ಹೇಳಿ.

ಉತ್ತರ: ಸಾಲದ ವಿಷಯವನ್ನು ಮೊದಲು ಮುಗಿಸೋಣ. ಬೇಡ ಮಾರಾಯ್ರೆ. ಯಾಕೆ ಅಂತ ಲೆಕ್ಕದ ಸಮೇತ ಮುಂದೆ ಹೇಳುತ್ತೇನೆ. ತಡವಾಯಿತಾ ಅನ್ನುವುದಕ್ಕೂ ನನ್ನ ಉತ್ತರ ‘ತಡವಾಗಿಲ್ಲ’ ಅಂತಲೇ. ನಿಮ್ಮ ಪತ್ರದಲ್ಲಿ ನನಗೆ ಮುಖ್ಯ ಅನಿಸಿದ್ದು ನೀವು ಸುಮ್ನೆ ಹೇಳಿ ದಾಟಿದ ಒಂದು ಮಾತು. ಊರಲ್ಲಿ ಅವಳನ್ನು ಯಾರೂ ಸೋಲಿಸಲ್ಲ, ಬೆಂಗಳೂರಲ್ಲಿ ಅವಳು ಯಾರನ್ನೂ ಸೋಲಿಸಲ್ಲ. ಅವಳ ಸಮಸ್ಯೆ ಇರುವುದು ಅಲ್ಲೇ. ಟೆನಿಸ್‌ನಲ್ಲಿ ಶುರುವಿನ ವರ್ಷಗಳು ನಿಂತಿರುವುದು ಸರಿಯಾದ ಎದುರಾಳಿ ಸಿಗುವುದರ ಮೇಲೆ. ದಿನಕ್ಕೆ ಎಷ್ಟು ಗಂಟೆ ಅಭ್ಯಾಸ, ಯಾವ ಅಕಾಡೆಮಿ ಎಂಬುದೆಲ್ಲ ಅದರ ನಂತರದ ಮಾತು.

ಮಾಯಾಳ ವಿಷಯ ನೋಡೋಣ. 2025ರ ಫೆಬ್ರವರಿಯಲ್ಲಿ ಮುಂಬೈನಲ್ಲಿ ನಡೆದದ್ದು ಮಹಿಳಾ ವೃತ್ತಿಪರ ಟೆನಿಸ್ ಸಂಸ್ಥೆಯ, ಅಂದರೆ ಡಬ್ಲ್ಯುಟಿಎಯ, 125 ದರ್ಜೆಯ ಟೂರ್ನಿ. ಅವಳು ನೇರವಾಗಿ ಮುಖ್ಯ ಸುತ್ತಿಗೆ ಬರಲಿಲ್ಲ. ಅರ್ಹತಾ ಸುತ್ತು ಆಡಿ, ಗೆದ್ದು ಒಳಗೆ ಬಂದಳು. ಆಮೇಲೆ ಸೆಮಿಫೈನಲ್ ತನಕ ಹೋಗಿ ಸ್ವಿಟ್ಜರ್ಲೆಂಡಿನ ಜಿಲ್ ಟೈಖ್‌ಮನ್ ಎದುರು ಸೋತಳು. ಟೈಖ್‌ಮನ್ ಆ ಟೂರ್ನಿಯನ್ನೇ ಗೆದ್ದರು. ಪತ್ರಿಕೆಯಲ್ಲಿ ಕಂಡದ್ದು ಆ ಒಂದು ವಾರ. ಅದರ ಹಿಂದೆ ಕೊಯಮತ್ತೂರಿನಲ್ಲಿ ಕಳೆದ ವರ್ಷಗಳಿವೆ, ಜೂನಿಯರ್ ಟೂರ್ನಿಗಳ ಓಡಾಟವಿದೆ. ಸ್ಪೇನಿನ ಮಲ್ಲೋರ್ಕಾದಲ್ಲಿರುವ ರಫಾ ನಡಾಲ್ ಅಕಾಡೆಮಿಯಲ್ಲಿ ತರಬೇತಿಗೆ ದಾರಿಯಾಗಿದ್ದು ಆ ಎಲ್ಲ ಆಟ ನೋಡಿ. ಅಂಥ ಹುಡುಗಿ ದೇಶದಲ್ಲಿ ಹತ್ತು ವರ್ಷಕ್ಕೊಬ್ಬಳು ಬಂದರೆ ಹೆಚ್ಚು. ಅವಳನ್ನು ನೋಡಿ ಖುಷಿಪಡಿ, ಅವಳ ವಯಸ್ಸಿನ ಲೆಕ್ಕ ಇಟ್ಟುಕೊಂಡು ನಿಮ್ಮ ಮಗಳನ್ನು ಅಳೆಯಬೇಡಿ.

ಅಳೆಯಲೇಬೇಕು ಅಂದರೆ ನಿಮಗೆ ಹತ್ತಿರದವರು ಕೊಡಗಿನ ರೋಹನ್ ಬೋಪಣ್ಣ. ಕಾಫಿ ಬೆಳೆಗಾರರ ಮಗ. ರ‍್ಯಾಕೆಟ್ ಹಿಡಿದದ್ದು 11ನೇ ವಯಸ್ಸಿಗೆ. ಮೊದಲ ಗ್ರ್ಯಾಂಡ್ ಸ್ಲಾಮ್ ಪ್ರಶಸ್ತಿ ಬಂದದ್ದು 2017ರ ಫ್ರೆಂಚ್ ಓಪನ್ ಮಿಶ್ರ ಡಬಲ್ಸ್‌ನಲ್ಲಿ, ಆಗ ಅವರಿಗೆ 37. ಡಬಲ್ಸ್‌ನಲ್ಲಿ ವಿಶ್ವದ ನಂಬರ್ 1 ಆದದ್ದು 2024ರಲ್ಲಿ, 43ನೇ ವಯಸ್ಸಲ್ಲಿ. ಡಬಲ್ಸ್ ಆಟಗಾರರ ಆಯಸ್ಸು ಜಾಸ್ತಿ, ಒಪ್ಪುತ್ತೇನೆ. ಆದರೂ 13ಕ್ಕೆ ತಡವಾಯಿತು ಅನ್ನುವವರಿಗೆ ಈ ಲೆಕ್ಕ ತೋರಿಸಿ.

ಈಗ ದಾರಿ. ಇದನ್ನು ಮೆಟ್ಟಿಲು ಮೆಟ್ಟಿಲಾಗಿ ತಿಳಿದುಕೊಳ್ಳದೆ ದುಡ್ಡು ಹಾಕುವ ಪಾಲಕರೇ ಜಾಸ್ತಿ.

ಕೆಳಗಿನ ಮೆಟ್ಟಿಲು ಅಖಿಲ ಭಾರತ ಟೆನಿಸ್ ಸಂಸ್ಥೆಯ, ಅಂದರೆ ಎಐಟಿಎ, ಜೂನಿಯರ್ ಟೂರ್ನಿಗಳು. 12, 14, 16, 18 ವರ್ಷದೊಳಗಿನವರು ಅಂತ ವಿಭಾಗಗಳಿವೆ. ಟ್ಯಾಲೆಂಟ್ ಸೀರೀಸ್, ಚಾಂಪಿಯನ್‌ಶಿಪ್ ಸೀರೀಸ್, ಸೂಪರ್ ಸೀರೀಸ್, ನ್ಯಾಷನಲ್ ಸೀರೀಸ್ ಅಂತ ದರ್ಜೆಗಳಿವೆ. ದರ್ಜೆ ಏರಿದಂತೆ ಅಂಕ ಜಾಸ್ತಿ, ಎದುರಾಳಿಗಳೂ ಗಟ್ಟಿ. ನಿಮ್ಮಂಥ ಊರಿನವರು ಮಾಡುವ ತಪ್ಪು ಇಲ್ಲೇ ಶುರುವಾಗುತ್ತದೆ. ಅಷ್ಟು ದೂರ ಹೋಗುವುದಾದರೆ ದೊಡ್ಡ ಟೂರ್ನಿಗೇ ಹೋಗೋಣ ಅಂತ ಹೊರಡುತ್ತಾರೆ. ಮಗು ಮೊದಲ ಸುತ್ತಲ್ಲೇ ದೇಶದ ಐದನೇ ರ‍್ಯಾಂಕಿನವಳ ಕೈಗೆ ಸಿಕ್ಕಿ, 6-0, 6-1ರಲ್ಲಿ ಸೋತು, ಮುಕ್ಕಾಲು ಗಂಟೆಯಲ್ಲಿ ಬ್ಯಾಗು ಹೆಗಲಿಗೆ ಹಾಕಿಕೊಳ್ಳುತ್ತದೆ. ಮುನ್ನೂರು ಕಿಲೋಮೀಟರ್ ಹೋಗಿ ಕಲಿತದ್ದು ಏನೂ ಇಲ್ಲ.

ಕೋಚ್‌ಗಳು ಬಳಸುವ ಒಂದು ಅಳತೆ ಇದೆ. ವರ್ಷದಲ್ಲಿ ಎರಡು ಗೆಲುವಿಗೆ ಒಂದು ಸೋಲು. ಇದಕ್ಕಿಂತ ಜಾಸ್ತಿ ಗೆಲ್ಲುತ್ತಿದ್ದರೆ ಟೂರ್ನಿ ಹಗುರ, ಒಂದು ಮೆಟ್ಟಿಲು ಮೇಲೆ ಆಡಿಸಿ. ಸೋಲೇ ಜಾಸ್ತಿ ಇದ್ದರೆ ಕೆಳಗಿಳಿಸಿ. ನಿಮ್ಮ ಮಗಳ ವಿಷಯದಲ್ಲಿ ಊರಿನ ಗೆಲುವುಗಳನ್ನು ಪಕ್ಕಕ್ಕಿಡಿ. ಹೊರಗಿನ ಪಂದ್ಯ ಮಾತ್ರ ಎಣಿಸಿ. ಎಣಿಸಿದರೆ ಅವಳು ಟ್ಯಾಲೆಂಟ್ ಸೀರೀಸ್, ಚಾಂಪಿಯನ್‌ಶಿಪ್ ಸೀರೀಸ್ ದರ್ಜೆಯಲ್ಲಿ ಇನ್ನೊಂದು ವರ್ಷ ಆಡಬೇಕು ಅಂತ ನಿಮಗೇ ಗೊತ್ತಾಗುತ್ತದೆ. ಅದರಲ್ಲಿ ಮರ್ಯಾದೆ ಹೋಗುವಂಥದ್ದು ಏನಿಲ್ಲ. ಅಂತರರಾಷ್ಟ್ರೀಯ ಟೆನಿಸ್ ಒಕ್ಕೂಟದ, ಅಂದರೆ ಐಟಿಎಫ್‌ನ, ವರ್ಲ್ಡ್ ಟೆನಿಸ್ ನಂಬರ್ ಅಂತ ಒಂದಿದೆ. 40ರಿಂದ ಶುರುವಾಗಿ 1ರ ಕಡೆ ಇಳಿಯುತ್ತದೆ. ಎದುರಾಳಿಯ ಬಲ ನೋಡಿ ಲೆಕ್ಕ ಹಾಕುತ್ತದೆ. ರ‍್ಯಾಂಕಿಂಗ್‌ಗಿಂತ ಇದನ್ನು ನೋಡುತ್ತಿರಿ. ಹೆಚ್ಚು ಟೂರ್ನಿ ಆಡಿದವರ ರ‍್ಯಾಂಕಿಂಗ್ ಏರುತ್ತದೆ, ಆಟ ಏರಿರಬೇಕು ಅಂತಿಲ್ಲ.

ಅದರ ಮೇಲೆ ಐಟಿಎಫ್ ಜೂನಿಯರ್ ಟೂರ್ನಿಗಳು. 13 ತುಂಬಿದ ಮೇಲೆ ಆಡಬಹುದು, 18ರ ತನಕ ಅವಕಾಶ. ಜೆ30, ಜೆ60, ಜೆ100, ಜೆ200, ಜೆ300, ಜೆ500 ಅಂತ ಹೆಸರು. ನಾಲ್ಕು ಗ್ರ್ಯಾಂಡ್ ಸ್ಲಾಮ್‌ಗಳ ಜೂನಿಯರ್ ವಿಭಾಗಕ್ಕೆ ಹೋಗುವ ದಾರಿಯೂ ಇದೇ. ನಿಮ್ಮ ಮಗಳಿಗೆ ವಯಸ್ಸು ಆಗಿದೆ. ಆಟ ಇನ್ನೂ ಆಗಿಲ್ಲ. 14 ವರ್ಷದೊಳಗಿನವರಲ್ಲಿ ರಾಜ್ಯದ ಮೊದಲ ಸಾಲಿಗೆ ಬರುವ ತನಕ ಆ ಕಡೆ ನೋಡಬೇಡಿ.

ಮೂರನೆಯದು ವೃತ್ತಿಪರ ಟೂರ್ನಿಗಳು. ಮಹಿಳೆಯರಿಗೆ ಡಬ್ಲ್ಯು15, ಡಬ್ಲ್ಯು35, ಡಬ್ಲ್ಯು50, ಡಬ್ಲ್ಯು75, ಡಬ್ಲ್ಯು100. ಹೆಸರಿನಲ್ಲಿರುವ ಅಂಕಿ ಪ್ರಶಸ್ತಿ ಗೆದ್ದವಳಿಗೆ ಸಿಗುವ ಅಂಕ. ಪುರುಷರಿಗೆ ಎಂ15, ಎಂ25, ಆಮೇಲೆ ಅದಕ್ಕಿಂತ ಮೇಲಿನ ಚಾಲೆಂಜರ್ ದರ್ಜೆ. ಕಬ್ಬನ್ ಪಾರ್ಕಿನಲ್ಲಿರುವ ರಾಜ್ಯ ಟೆನಿಸ್ ಸಂಸ್ಥೆ ಕೆಎಸ್‌ಎಲ್‌ಟಿಎ ಅಂಗಳದಲ್ಲಿ ನಡೆಯುವ ಬೆಂಗಳೂರು ಓಪನ್ ಚಾಲೆಂಜರ್ ದರ್ಜೆಯದು. ಮೈಸೂರು, ಧಾರವಾಡ, ಕಲಬುರಗಿಯಲ್ಲೂ ಐಟಿಎಫ್ ಟೂರ್ನಿಗಳು ನಡೆದಿವೆ. ಮುಂದೆ ಅಂಥದ್ದೊಂದು ನಡೆದಾಗ ಮಗಳನ್ನು ಕರೆದುಕೊಂಡು ಹೋಗಿ. ಫೈನಲ್ ದಿನ ಬೇಡ, ಅರ್ಹತಾ ಸುತ್ತಿನ ದಿನ ಹೋಗಿ. ಖಾಲಿ ಗ್ಯಾಲರಿ, ತಾವೇ ಬ್ಯಾಗು ಹೊತ್ತು ತಾವೇ ನೀರು ತುಂಬಿಕೊಳ್ಳುವ ಆಟಗಾರರು. ವೃತ್ತಿಯ ಮೊದಲ ಐದಾರು ವರ್ಷ ನಿಜಕ್ಕೂ ಹೇಗಿರುತ್ತದೆ ಅಂತ ಆ ಒಂದು ದಿನದಲ್ಲಿ ತಿಳಿಯುತ್ತದೆ.

ವಯಸ್ಸಿನ ಬಗ್ಗೆ ಒಂದು ಮಾತು. 14 ತುಂಬದೆ ವೃತ್ತಿಪರ ಟೂರ್ನಿ ಆಡುವ ಹಾಗಿಲ್ಲ. 18ರ ತನಕ ಹುಡುಗಿಯರು ವರ್ಷಕ್ಕೆ ಇಷ್ಟೇ ಟೂರ್ನಿ ಆಡಬೇಕು ಅಂತ ಮಿತಿ ಇದೆ. ಈ ನಿಯಮದ ಹಿಂದೆ ಅಮೆರಿಕದ ಜೆನಿಫರ್ ಕ್ಯಾಪ್ರಿಯಾಟಿಯ ಕಥೆ ಇದೆ. 1990ರಲ್ಲಿ, 14 ತುಂಬುವ ಮೊದಲೇ ವೃತ್ತಿಗೆ ಇಳಿದಳು. ಅದೇ ವರ್ಷ ಫ್ರೆಂಚ್ ಓಪನ್ ಸೆಮಿಫೈನಲ್, ವಿಶ್ವದ ಮೊದಲ ಹತ್ತರಲ್ಲಿ ಜಾಗ. 17 ಆಗುವಷ್ಟರಲ್ಲಿ ಆಟವೇ ಸಾಕಾಗಿ ದೂರ ಸರಿದಳು. ವರ್ಷಗಳ ನಂತರ ವಾಪಸ್ ಬಂದು 2001ರ ಆಸ್ಟ್ರೇಲಿಯನ್ ಓಪನ್ ಗೆದ್ದದ್ದು ಬೇರೆ ಮಾತು. ಅವಸರ ಮಾಡಬೇಡಿ ಅಂತ ನಾನೊಬ್ಬನೇ ಹೇಳುತ್ತಿಲ್ಲ. ನಿಯಮವೇ ಹೇಳುತ್ತಿದೆ.

ದುಡ್ಡಿನ ವಿಷಯಕ್ಕೆ ಬರೋಣ. ಡಬ್ಲ್ಯು15 ಟೂರ್ನಿಯಲ್ಲಿ ಒಟ್ಟು ಬಹುಮಾನ 15,000 ಡಾಲರ್. ಕೇಳಲು ದೊಡ್ಡದು. ಆದರೆ ಅದು 32 ಜನರಿಗೂ ಡಬಲ್ಸ್‌ನವರಿಗೂ ಹಂಚಿಹೋಗುತ್ತದೆ. ವಾರವಿಡೀ ಆಡಿ ಪ್ರಶಸ್ತಿ ಗೆದ್ದವಳಿಗೆ 2,000 ಡಾಲರ್‌ಗಿಂತ ಸ್ವಲ್ಪ ಜಾಸ್ತಿ. ಮೊದಲ ಸುತ್ತಲ್ಲಿ ಸೋತವಳಿಗೆ 150 ಡಾಲರ್ ಆಸುಪಾಸು. ಅದರಲ್ಲೂ ತೆರಿಗೆ ಹಿಡಿಯುತ್ತಾರೆ. ಅರ್ಹತಾ ಸುತ್ತಲ್ಲೇ ಸೋತರೆ ಏನೂ ಇಲ್ಲ. ವಿಮಾನ, ವೀಸಾ, ರೂಮು, ಊಟ, ರ‍್ಯಾಕೆಟ್ಟಿನ ಸ್ಟ್ರಿಂಗ್ ಎಲ್ಲ ಕೈಯಿಂದ. ಖರ್ಚು ಉಳಿಸಲು ನಮ್ಮ ಹುಡುಗ ಹುಡುಗಿಯರು ಟ್ಯುನೀಷಿಯಾದ ಮೊನಾಸ್ಟಿರ್, ಟರ್ಕಿಯ ಅಂತಾಲ್ಯದಂಥ ಊರಿಗೆ ಹೋಗಿ ಒಂದೇ ಹೋಟೆಲಲ್ಲಿ ಉಳಿದು ಸಾಲಾಗಿ ಟೂರ್ನಿ ಆಡುತ್ತಾರೆ. ಅಲ್ಲಿ ಹೆಚ್ಚುಕಮ್ಮಿ ಪ್ರತಿ ವಾರವೂ ಟೂರ್ನಿ ಇರುತ್ತದೆ, ಮಧ್ಯೆ ವಿಮಾನದ ಖರ್ಚಿಲ್ಲ.

ಐಟಿಎಫ್ ಒಮ್ಮೆ ಇದರ ಲೆಕ್ಕ ಹಾಕಿತ್ತು. 2013ರಲ್ಲಿ ಬಹುಮಾನದ ಹಣದಿಂದ ಸ್ವಂತ ಖರ್ಚು ಸರಿದೂಗಬೇಕಾದರೆ ಪುರುಷರು ವಿಶ್ವದ 336ನೇ ರ‍್ಯಾಂಕಿನ ಆಸುಪಾಸು, ಮಹಿಳೆಯರು 253ನೇ ರ‍್ಯಾಂಕಿನ ಆಸುಪಾಸು ಇರಬೇಕಿತ್ತು. ಅದೂ ಕೋಚ್‌ನ ಸಂಬಳ ಬಿಟ್ಟು! ಇನ್ನೊಂದು ತುದಿ ನೋಡಿ. 2025ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಅರ್ಹತಾ ಸುತ್ತಿನ ಮೊದಲ ಪಂದ್ಯದಲ್ಲೇ ಸೋತವರಿಗೂ 35,000 ಆಸ್ಟ್ರೇಲಿಯನ್ ಡಾಲರ್ ಸಿಕ್ಕಿತು. ಆ ಅರ್ಹತಾ ಸುತ್ತಿಗೆ ಸೇರಲು ಸುಮಾರು 230ರೊಳಗಿನ ರ‍್ಯಾಂಕ್ ಬೇಕು. ಅಂದರೆ 250ರಿಂದ ಆಚೆ ಇರುವವರಿಗೂ ಈಚೆ ಇರುವವರಿಗೂ ಬದುಕೇ ಬೇರೆ. ಆ ಗೆರೆ ದಾಟುವ ತನಕ ಖರ್ಚು ನಿಮ್ಮದು. ಹೊಸ ತೋಟ ಇಟ್ಟವರು ಫಸಲಿಗೆ ಐದಾರು ವರ್ಷ ಕಾಯುತ್ತಾರೆ, ಇಲ್ಲಿ ಹತ್ತು ಹನ್ನೆರಡು ಅಂತ ಇಟ್ಟುಕೊಳ್ಳಿ. ಫಸಲು ಬಂದೇ ಬರುತ್ತದೆ ಅನ್ನುವ ಭರವಸೆಯೂ ಇಲ್ಲ. ಈಗ ಹೇಳಿ, 13ನೇ ವರ್ಷಕ್ಕೇ ಸಾಲ ಮಾಡಿದರೆ ನಿಜವಾಗಿ ದುಡ್ಡು ಬೇಕಾಗುವ 17, 18ನೇ ವರ್ಷಕ್ಕೆ ಏನು ಉಳಿಯುತ್ತದೆ?

ಸುಮಿತ್ ನಾಗಲ್‌ನ ಕಥೆ ಇದಕ್ಕೇ ಹೇಳುತ್ತೇನೆ. ಹರಿಯಾಣದ ಹಳ್ಳಿಯ ಹುಡುಗ. ಹತ್ತರ ಆಸುಪಾಸಿನಲ್ಲಿ ಟೆನಿಸ್ ಆಟಗಾರ ಮಹೇಶ್ ಭೂಪತಿಯವರ ತರಬೇತಿ ಯೋಜನೆಗೆ ಆಯ್ಕೆಯಾಗಿ ಬೆಂಗಳೂರಿಗೆ ಬಂದ. 2015ರಲ್ಲಿ ವಿಂಬಲ್ಡನ್ ಜೂನಿಯರ್ ಡಬಲ್ಸ್ ಗೆದ್ದ. 2019ರ ಯುಎಸ್ ಓಪನ್‌ನಲ್ಲಿ ರೋಜರ್ ಫೆಡರರ್‌ನಿಂದ ಮೊದಲ ಸೆಟ್ ಕಸಿದುಕೊಂಡ. ದೇಶವೆಲ್ಲ ಚಪ್ಪಾಳೆ ತಟ್ಟಿತು. 2021ರಲ್ಲಿ ಸೊಂಟದ ಶಸ್ತ್ರಚಿಕಿತ್ಸೆ ಆಯಿತು, ರ‍್ಯಾಂಕ್ ಕುಸಿಯಿತು. 2023ರಲ್ಲಿ, ದೇಶದ ನಂಬರ್ 1 ಸಿಂಗಲ್ಸ್ ಆಟಗಾರನಾಗಿದ್ದಾಗಲೇ, ಬ್ಯಾಂಕಿನಲ್ಲಿ 900 ಯೂರೋ ಮಾತ್ರ ಇದೆ ಅಂತ ಅವನೇ ಹೇಳಿಕೊಂಡ. ಮುಂದಿನ ಜನವರಿಯಲ್ಲಿ ಆಸ್ಟ್ರೇಲಿಯನ್ ಓಪನ್‌ನಲ್ಲಿ 31ನೇ ಶ್ರೇಯಾಂಕದ, ಕಜಕಸ್ತಾನದ ಬುಬ್ಲಿಕ್‌ನನ್ನು ಸೋಲಿಸಿದ. ಫೆಬ್ರವರಿಯಲ್ಲಿ ಚೆನ್ನೈ ಚಾಲೆಂಜರ್ ಗೆದ್ದು ಮೊದಲ ನೂರರೊಳಗೆ ಬಂದ. ಆಗ ಅವನಿಗೆ 26. ಹತ್ತು ವರ್ಷದ ಹುಡುಗನಾಗಿ ಮನೆ ಬಿಟ್ಟವನು ಅಷ್ಟು ಕಾಲ ಕಾಯಬೇಕಾಯಿತು. ಅದೂ ಬೇರೆಯವರ ನೆರವು ಸಿಕ್ಕವನು.

ಹಾಗಾದರೆ ಬೆಂಗಳೂರು? ನನ್ನ ಅಭಿಪ್ರಾಯ ಇದು. ಈಗ ಪೂರ್ತಿ ಕಳಿಸಬೇಡಿ, ತುಂಡು ತುಂಡಾಗಿ ಕಳಿಸಿ. ಏಪ್ರಿಲ್, ಮೇ ರಜೆಯಲ್ಲಿ ನಾಲ್ಕೈದು ವಾರ, ದಸರಾ ರಜೆಯಲ್ಲಿ ಎರಡು ವಾರ. ಅಕಾಡೆಮಿ ಆರಿಸುವಾಗ ಗೋಡೆಯ ಮೇಲಿನ ಫೋಟೋಗಳನ್ನು ನೋಡಬೇಡಿ. ಎರಡೇ ಪ್ರಶ್ನೆ ಕೇಳಿ. ನನ್ನ ಮಗಳ ಜೊತೆ ದಿನವೂ ಆಡುವವರು ಯಾರು? ಒಂದು ಕೋರ್ಟಿಗೆ ಎಷ್ಟು ಮಕ್ಕಳು? ಅವಳಿಗಿಂತ ಸ್ವಲ್ಪ ಗಟ್ಟಿ ಇರುವ ಮೂವರು ನಾಲ್ವರು ಇದ್ದು, ಕೋರ್ಟಿಗೆ ನಾಲ್ಕು ಮಕ್ಕಳಿಗಿಂತ ಜಾಸ್ತಿ ಇಲ್ಲದಿದ್ದರೆ ಸಾಕು. ದೊಡ್ಡ ಹೆಸರಿನ ಕಡೆ ಹೋಗಿ ಎಂಟು ಮಕ್ಕಳ ಸಾಲಿನಲ್ಲಿ ನಿಂತು ನಿಮಿಷಕ್ಕೆರಡು ಚೆಂಡು ಹೊಡೆದು ಬರುವುದಕ್ಕೆ ಅಷ್ಟು ದುಡ್ಡು ಯಾಕೆ ಕೊಡಬೇಕು?

15ರ ಹೊತ್ತಿಗೆ ಮತ್ತೆ ಯೋಚಿಸಿ. ಆಗ ಅವಳು ರಾಜ್ಯ ಮಟ್ಟದಲ್ಲಿ ಗೆಲ್ಲುತ್ತಿದ್ದು, ಶಿವಮೊಗ್ಗದಲ್ಲಿ ಜೊತೆ ಆಡುವವರೇ ಇಲ್ಲ ಅಂತಾದರೆ ಹೋಗುವುದು ಸರಿ. ಹೋಗುವಾಗ ನೀವೋ ಅವರಮ್ಮನೋ ಒಬ್ಬರು ಜೊತೆಗಿರಬೇಕು. ಹಾಸ್ಟೆಲ್ ಊಟದಲ್ಲಿ ಬೆಳೆಯುವ ವಯಸ್ಸಿನ ಹುಡುಗಿಗೆ ಈ ಆಟ ಕಷ್ಟ.

ಅಲ್ಲಿಯವರೆಗೆ ಶಿವಮೊಗ್ಗದಲ್ಲೇ ಮಾಡಬೇಕಾದ್ದು ಬೇಕಾದಷ್ಟಿದೆ. ಅವಳ ವಯಸ್ಸಿನ ಹುಡುಗಿಯರು ಸಾಲದಿದ್ದರೆ ಹುಡುಗರ ಜೊತೆ ಆಡಿಸಿ. ಕ್ಲಬ್ಬಿನಲ್ಲಿ ಸಂಜೆ ಆಡುವ ಐವತ್ತರ ಹಿರಿಯರ ಜೊತೆಗೂ ಆಡಿಸಿ. ಚೆಂಡಿನ ವೇಗ, ಎತ್ತರ ಬದಲಿಸುವ ಅವರ ಸ್ಲೈಸು, ಡ್ರಾಪ್ ಶಾಟು, ಲಾಬುಗಳು ಅಕಾಡೆಮಿಯ ಮಕ್ಕಳಲ್ಲಿ ಸಿಗಲ್ಲ. ಒಂದೇ ವೇಗದ ಚೆಂಡಿಗೆ ಒಗ್ಗಿದ ಬೆಂಗಳೂರಿನ ಹುಡುಗಿಯರ ಎದುರು ಈ ಕಲಿಕೆ ಕೆಲಸಕ್ಕೆ ಬರುತ್ತದೆ. ಊರಲ್ಲಿ ಸುಲಭವಾಗಿ ಗೆಲ್ಲುವ ಪಂದ್ಯವನ್ನೂ ಕಷ್ಟ ಮಾಡಬಹುದು. ಪ್ರತಿ ಗೇಮನ್ನೂ 0-30ರಿಂದ, ಅಂದರೆ ಎರಡು ಪಾಯಿಂಟ್ ಹಿಂದಿದ್ದುಕೊಂಡೇ, ಶುರು ಮಾಡಲಿ. ಎರಡರ ಬದಲು ಒಂದೇ ಸರ್ವಿಸ್ ಅಂತ ನಿಯಮ ಹಾಕಿ. ಸೋಲುವ ಭಯ ಬಂದಾಗಲೇ ಆಟ ಬೆಳೆಯುವುದು.

ಮಳೆಗಾಲದ್ದು ದೊಡ್ಡ ತಲೆನೋವು, ಗೊತ್ತು. ತೀರ್ಥಹಳ್ಳಿಯ ಜಡಿಮಳೆಗೆ ಹೋಲಿಸಿದರೆ ಶಿವಮೊಗ್ಗದಲ್ಲಿ ಕಡಿಮೆ, ಆದರೂ ಜೂನ್‌ನಿಂದ ಸೆಪ್ಟೆಂಬರ್ ತನಕ ಕೋರ್ಟ್ ನಂಬುವ ಹಾಗಿಲ್ಲ. ಆ ನಾಲ್ಕು ತಿಂಗಳನ್ನು ಮೈ ಗಟ್ಟಿ ಮಾಡಲು ಇಡಿ. ಕಾಲಿನ ಚಲನೆ, ಹಗ್ಗದ ಜಿಗಿತ, ಬೆನ್ನು ಹೊಟ್ಟೆಯ ಬಲ. ಯಾವುದಾದರೂ ಒಳಾಂಗಣ ಬ್ಯಾಡ್ಮಿಂಟನ್ ಹಾಲ್ ಸಿಕ್ಕರೆ ಫೋಮ್ ಚೆಂಡಿನಲ್ಲಿ ಸರ್ವಿಸ್‌ನ ಟಾಸ್ (ಚೆಂಡು ಮೇಲೆಸೆಯುವುದು) ಮತ್ತು ಲಯ ತಿದ್ದಬಹುದು. ಟೂರ್ನಿಗಳನ್ನು ಅಕ್ಟೋಬರ್‌ನಿಂದ ಮೇ ತನಕ ಹಾಕಿಕೊಳ್ಳಿ. ಅಡಿಕೆ ಕೊನೆ ತೆಗೆಯುವ ಸಮಯಕ್ಕೇ ಅದು ಬರುತ್ತದೆ, ನಿಮಗೆ ತೋಟ ಬಿಟ್ಟು ಏಳಲು ಆಗಲ್ಲ. ಯಾರು ಜೊತೆಗೆ ಹೋಗುವುದು ಅಂತ ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.

ಮಳೆಗೂ ಬೆಂಗಳೂರಿನ ಸೋಲಿಗೂ ಒಂದು ಸಂಬಂಧವಿದೆ, ಇದನ್ನು ಯಾರೂ ಹೇಳಿಕೊಡಲ್ಲ. ತೇವದ ಗಾಳಿಯಲ್ಲಿ ಚೆಂಡಿನ ಮೇಲಿನ ಉಣ್ಣೆ ಉಬ್ಬುತ್ತದೆ. ಚೆಂಡು ಭಾರ, ನಿಧಾನ. ಶಿವಮೊಗ್ಗ ಸಮುದ್ರಮಟ್ಟದಿಂದ 600 ಮೀಟರ್‌ಗಿಂತ ಕೆಳಗಿದೆ, ಬೆಂಗಳೂರು 900 ದಾಟುತ್ತದೆ. ಅಲ್ಲಿ ಗಾಳಿ ತೆಳು, ಚೆಂಡು ಹಾರುತ್ತದೆ. ಎತ್ತರದ ಊರುಗಳಿಗೆಂದೇ ಬೇರೆ ಚೆಂಡು ಇದೆ, ಆದರೆ ಅದು 1,219 ಮೀಟರ್ ಮೇಲೆ. ಬೆಂಗಳೂರಿನಲ್ಲಿ ಮಾಮೂಲಿ ಚೆಂಡೇ. ಹಾಗಾಗಿ ಇಲ್ಲಿ ಗೆರೆಯೊಳಗೆ ಬೀಳುವ ಹೊಡೆತ ಅಲ್ಲಿ ಒಂದಡಿ ಆಚೆ ಬೀಳುತ್ತದೆ. ಮಗು ಹೆದರಿ ಕೈ ಹಿಡಿದು ಆಡುತ್ತದೆ, ಚೆಂಡು ಅರ್ಧ ಕೋರ್ಟಿನಲ್ಲಿ ಬೀಳುತ್ತದೆ, ಎದುರಿನವಳು ಮುಗಿಸುತ್ತಾಳೆ. ನಿಮ್ಮ ಮಗಳ ಸೋಲುಗಳಲ್ಲಿ ಇದರ ಪಾಲು ಇದ್ದೇ ಇರುತ್ತದೆ ಅಂತ ನನ್ನ ಊಹೆ. ರಾತ್ರಿ ರೈಲಲ್ಲಿ ಹೋಗಿ ಬೆಳಗ್ಗೆ ನೇರ ಪಂದ್ಯಕ್ಕೆ ಇಳಿಸುವುದನ್ನು ಇವತ್ತಿಗೇ ನಿಲ್ಲಿಸಿ. ಎರಡು ದಿನ ಮೊದಲು ಹೋಗಿ ಅಲ್ಲಿ ಆಡಲಿ. ಸ್ಟ್ರಿಂಗ್ ಒಂದೆರಡು ಪೌಂಡ್ ಬಿಗಿ ಮಾಡಿಸಿ. ಪಾಲಿಯೆಸ್ಟರ್ ಸ್ಟ್ರಿಂಗ್ ಮಾತ್ರ ಈ ವಯಸ್ಸಿಗೆ ಬೇಡ, ಮೊಣಕೈಗೆ ಪೆಟ್ಟು.

ಅಭ್ಯಾಸದ ಗಂಟೆಗಳ ಬಗ್ಗೆ ಕ್ರೀಡಾ ವೈದ್ಯರು ಹೇಳುವ ಸರಳ ಸೂತ್ರವಿದೆ. ವಾರಕ್ಕೆ ಮಗುವಿನ ವಯಸ್ಸಿಗಿಂತ ಜಾಸ್ತಿ ಗಂಟೆ ಆಡಿಸಬೇಡಿ. ನಿಮ್ಮ ಮಗಳಿಗೆ ವಾರಕ್ಕೆ 13 ಗಂಟೆ. ಎತ್ತರ ಬೆಳೆಯುವ ಈ ಎರಡು ವರ್ಷ ಸರ್ವಿಸ್ ಜಾಸ್ತಿ ಹೊಡೆಸಿದರೆ ಸೊಂಟದ ಮೂಳೆ ಬಿರುಕು ಬಿಡುವುದುಂಟು. ಬೆನ್ನು ನೋವು ಅಂದರೆ ಎಣ್ಣೆ ಹಚ್ಚಿ ಕಳಿಸಬೇಡಿ, ಮೂಳೆ ಡಾಕ್ಟರಿಗೆ ತೋರಿಸಿ.

ಶಾಲೆ ಬಿಡಿಸುವ ಮಾತಂತೂ ಬೇಡವೇ ಬೇಡ. ಇದು ಬರೀ ಜಾಗ್ರತೆಯ ಮಾತಲ್ಲ, ಈಗ ಟೆನಿಸ್‌ನ ಒಂದು ಒಳ್ಳೆಯ ದಾರಿ ಓದಿನ ಮೂಲಕವೇ ಹೋಗುತ್ತದೆ. ಅಮೆರಿಕದ ವಿಶ್ವವಿದ್ಯಾಲಯಗಳು ಟೆನಿಸ್ ಆಡುವವರಿಗೆ ವಿದ್ಯಾರ್ಥಿವೇತನ ಕೊಡುತ್ತವೆ. ಕೋಚ್, ಕೋರ್ಟ್, ಪ್ರಯಾಣ, ಪಂದ್ಯ ಎಲ್ಲ ಅವರದೇ. ಮಧುರೈನ ದಕ್ಷಿಣೇಶ್ವರ್ ಸುರೇಶ್ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯಕ್ಕೆ ಆಡುತ್ತಿದ್ದಾಗಲೇ 2025ರ ಸೆಪ್ಟೆಂಬರ್‌ನಲ್ಲಿ ದೇಶ ದೇಶಗಳ ತಂಡಗಳು ಆಡುವ ಡೇವಿಸ್ ಕಪ್‌ಗೆ ಇಳಿದ. ಮೊದಲ ಪಂದ್ಯದಲ್ಲೇ ಸ್ವಿಟ್ಜರ್ಲೆಂಡಿನ ಜೆರೋಮ್ ಕಿಮ್‌ನನ್ನು ಅವರದೇ ನೆಲದಲ್ಲಿ ಸೋಲಿಸಿದ. ಭಾರತ 3-1ರಲ್ಲಿ ಗೆದ್ದಿತು. ಹೈದರಾಬಾದಿನ ಸಹಜಾ ಯಮಲಪಲ್ಲಿ ಕೂಡ ಅಮೆರಿಕದ ಕಾಲೇಜಿನಲ್ಲಿ ಆಡಿ ಆಮೇಲೆ ವೃತ್ತಿಗೆ ಬಂದವಳು. ಆ ಸೀಟಿಗೆ ಒಂಬತ್ತನೇ ಕ್ಲಾಸಿನಿಂದ ಪಿಯುಸಿ ತನಕದ ಅಂಕಗಳನ್ನು ನೋಡುತ್ತಾರೆ. ಪಿಯುಸಿ ಮುಗಿಸಿ ಸುಮ್ನೆ ವರ್ಷಗಟ್ಟಲೆ ಕಳೆದರೆ ಆಡುವ ಅರ್ಹತೆಗೂ ತೊಂದರೆ. 22ಕ್ಕೆ ಕೈಯಲ್ಲಿ ಒಂದು ಪದವಿ, ತೋಟಕ್ಕೆ ಸಾಲವಿಲ್ಲ, ಆಟ ಇನ್ನೂ ಮುಂದಿದೆ. ಹುಡುಗಿ ನಿಜಕ್ಕೂ ಅಸಾಮಾನ್ಯ ಅಂತಾದರೆ 17ಕ್ಕೇ ಗೊತ್ತಾಗುತ್ತದೆ, ಆಗ ದಾರಿ ಬದಲಿಸಬಹುದು.

ಕೊನೆಗೆ ನಿಮ್ಮ ಪಾತ್ರ. ಟೆನಿಸ್ ಗೊತ್ತಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದೀರಿ. ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಅರ್ಧಂಬರ್ಧ ಗೊತ್ತಿರುವ ಅಪ್ಪಂದಿರು ಬೇಲಿಯ ಹೊರಗೆ ನಿಂತು ಮಾಡುವ ಅನಾಹುತ ನೋಡಿ ನೋಡಿ ಸಾಕಾಗಿದೆ. ನೀವು ಒಂದು ನೋಟ್ ಬುಕ್ ಇಡಿ. ದಿನಾಂಕ, ಟೂರ್ನಿಯ ದರ್ಜೆ, ಎದುರಾಳಿಯ ರ‍್ಯಾಂಕ್, ಸ್ಕೋರು, ಎಷ್ಟು ಡಬಲ್ ಫಾಲ್ಟ್ (ಎರಡೂ ಸರ್ವಿಸ್ ತಪ್ಪುವುದು), ಎಷ್ಟು ಖರ್ಚು. ಅಷ್ಟೇ. ಆರು ತಿಂಗಳಾದ ಮೇಲೆ ಅದನ್ನು ಕೋಚ್ ಮುಂದೆ ಇಟ್ಟರೆ ಯಾವ ಟೂರ್ನಿ ದಂಡ, ಯಾವುದು ಲಾಭ ಅಂತ ಕಾಣುತ್ತದೆ. ಇನ್ನೊಂದು, ಈ ಮಟ್ಟದ ಪಂದ್ಯಗಳಲ್ಲಿ ಅಂಪೈರ್ ಇರುವುದು ಅಪರೂಪ. ಚೆಂಡು ಒಳಗೋ ಹೊರಗೋ ಅಂತ ಮಕ್ಕಳೇ ಹೇಳಬೇಕು, ಸ್ಕೋರನ್ನೂ ಗಟ್ಟಿಯಾಗಿ ಹೇಳಬೇಕು. ನಮ್ಮ ಕಡೆಯ ಮಕ್ಕಳು ಸಂಕೋಚದಿಂದ ಬಾಯಿ ಬಿಡಲ್ಲ, ಪಾಯಿಂಟ್ ಕಳೆದುಕೊಂಡು ಬರುತ್ತಾರೆ. ತಕರಾರು ಬಂದರೆ ಆಟ ನಿಲ್ಲಿಸಿ ರೆಫರಿಯನ್ನು ಕರೆಯುವುದನ್ನು ಅವಳಿಗೆ ಈಗಲೇ ಅಭ್ಯಾಸ ಮಾಡಿಸಿ. ಮುಂದಿನ ಟೂರ್ನಿಗೆ ಹೋಗುವ ಮೊದಲು ಊರಿನ ಅಭ್ಯಾಸ ಪಂದ್ಯದಲ್ಲಿ ಯಾರಾದರೂ ಬೇಕಂತಲೇ ತಪ್ಪು ಲೈನ್ ಕಾಲ್ ಕೊಡಲಿ, ಅವಳು ಏನು ಮಾಡುತ್ತಾಳೆ ನೋಡಿ.